ದೀಪ ಹಾಕಿದ ಮೇಲಿನ ಮಾತು

ಹಿಂದಿನ ಸಂಚಿಕೆಯಲ್ಲಿ, ಊರ ಬಯಲಲ್ಲಿ ಬಟ್ಟೆ ಕಟ್ಟಿ ಸಾಕ್ಷ್ಯಚಿತ್ರ ತೋರಿಸುವುದರ ಬಗ್ಗೆ ನಾಲ್ಕು ಮಾತು ಬರೆದಿದ್ದೆ. ಅದನ್ನೋದಿ ಬಂದ ಕಾಗದಗಳಲ್ಲಿ ಹೆಚ್ಚಿನವು ರಾಯಚೂರು ಗಡಿಯ ಆಚೆಯವು. ದೇವಸೂಗೂರು ದಾಟಿ ಕೃಷ್ಣೆಯ ಸೇತುವೆ ಇಳಿದರೆ ಸಿಗುವ ಮಕ್ತಲ್, ನಾರಾಯಣಪೇಟೆ, ಮತ್ತು ಕೃಷ್ಣೆ-ತುಂಗಭದ್ರೆಯರ ನಡುವೆ ಸಿಕ್ಕಿಕೊಂಡು ‘ನಡಿಗಡ್ಡ’ ಅನ್ನಿಸಿಕೊಂಡ ಗದ್ವಾಲ. 1956ರವರೆಗೆ ನಾವೂ ಅವರೂ ಒಂದೇ ಹೈದರಾಬಾದ್ ರಾಜ್ಯದವರು. ಕಾಗದ ಬರೆದವರ ಹೆಸರು ಇಲ್ಲಿ ಹಾಕಿಲ್ಲ. ಕೆಲವರು ಬೇಡ ಎಂದರು. ಉಳಿದವರದೂ ಬೇಡವೆಂದು ನಾನೇ ತೆಗೆದೆ. ಸಣ್ಣ ಊರುಗಳು, ಯಾರು ಏನು ಕೇಳಿದರು ಅನ್ನುವುದು ಸಂಜೆಯೊಳಗೆ ಗೊತ್ತಾಗುತ್ತದೆ.

ಪ್ರಶ್ನೆ: ಮೇಡಂ, ಕೃಷ್ಣಾ ಮಂಡಲದ ಕನ್ನಡ ಮಾಧ್ಯಮ ಶಾಲೆಯಲ್ಲಿ ನಾನು ಮೇಷ್ಟ್ರು. ತಿಂಗಳಿಗೊಮ್ಮೆ ಊರವರಿಗೆ ಸಾಕ್ಷ್ಯಚಿತ್ರ ತೋರಿಸೋಣ ಅಂತ ಹೊರಟಿದ್ದೇವೆ. ಸಿಕ್ಕಿದ ಚಿತ್ರಗಳೆಲ್ಲ ಹಿಂದಿ, ಮರಾಠಿ, ತಮಿಳು. ಕೆಳಗೆ ಇಂಗ್ಲಿಷ್ ಅಕ್ಷರ. ನಮ್ಮಲ್ಲಿ ಮನೆಮಾತು ಕನ್ನಡ, ಕಚೇರಿಯದು ತೆಲುಗು, ಸಂತೆಗೆ ಉರ್ದೂನೂ ಬೇಕು. ಯಾವುದಕ್ಕೆ ಡಬ್ ಮಾಡಿಸಲಿ?
— ಶಿಕ್ಷಕ, ಮಕ್ತಲ್ ಕಡೆಯಿಂದ

ಉತ್ತರ: ಯಾವುದಕ್ಕೂ ಬೇಡ ಮೇಷ್ಟ್ರೇ. ಆ ದುಡ್ಡಿನಲ್ಲಿ ಒಳ್ಳೆಯ ಸ್ಪೀಕರ್ ಬರುತ್ತದೆ.

ನಿಮ್ಮ ಕಡೆ ಬುರ್ರಕಥೆ ನೋಡಿದವರಿಗೆ ಹೇಳಿಕೊಡಬೇಕಾಗಿಲ್ಲ. ನಡುವೆ ಕಥೆಗಾರ, ಅವನ ಎರಡೂ ಬದಿಗೆ ಒಬ್ಬೊಬ್ಬರು. ಒಬ್ಬ ನಗಿಸುತ್ತಾನೆ, ಇನ್ನೊಬ್ಬ ಆಗಾಗ ಕಥೆಗೆ ಅಡ್ಡಬಂದು ಇವತ್ತಿನ ರಾಜಕೀಯ ತಂದು ಹಾಕುತ್ತಾನೆ. ಹಾಗೆ ಕಥೆ ನಿಂತದ್ದಕ್ಕೆ ಯಾರೂ ಬೇಜಾರಾಗುವುದಿಲ್ಲ. ನಿಮ್ಮ ಪರದೆಯ ಪಕ್ಕದಲ್ಲಿಯೂ ಮೈಕ್ ಹಿಡಿದು ಅಂಥ ಒಬ್ಬರು ನಿಲ್ಲಲಿ. ಎಂಟು-ಹತ್ತು ನಿಮಿಷಕ್ಕೊಮ್ಮೆ ಚಿತ್ರ ನಿಲ್ಲಿಸಿ, ಇಷ್ಟು ಹೊತ್ತು ಯಾರು ಯಾರಿಗೆ ಏನಂದರು ಅನ್ನುವುದನ್ನು ಊರ ಮಾತಿನಲ್ಲಿ ಹೇಳಲಿ. ಕನ್ನಡದಲ್ಲೋ ತೆಲುಗಿನಲ್ಲೋ ಎಂದು ಕೇಳಬೇಡಿ. ನಿಮ್ಮೂರ ಬಸ್ ಸ್ಟ್ಯಾಂಡಿನಲ್ಲಿ ಜನ ಹೇಗೆ ಕಲಸಿ ಮಾತಾಡುತ್ತಾರೋ ಹಾಗೆ. ಹೇಳುವವರು ಚಿತ್ರವನ್ನು ಮೊದಲೇ ಮೂರು ಸಲ ನೋಡಿರಬೇಕು, ಎಲ್ಲಿ ನಿಲ್ಲಿಸುವುದೆಂದು ಗುರುತು ಹಾಕಿಕೊಂಡಿರಬೇಕು. “ಪಾಪ, ನೋಡ್ರಿ ಎಷ್ಟು ಕಷ್ಟ” ಅನ್ನುವ ಮಾತು ಮಾತ್ರ ಬಾಯಿಂದ ಬರಕೂಡದು. ಕಷ್ಟ ಹೌದೋ ಅಲ್ಲವೋ ಕೂತವರು ನೋಡಿಕೊಳ್ಳುತ್ತಾರೆ.

ನಾನೇ ಈ ಕೆಲಸದಲ್ಲಿ ಎಡವಿದ್ದೇನೆ. ಒಂದು ಸಂಜೆ “ವಲಸೆ ಕಾರ್ಮಿಕರು, ವಲಸೆ ಕಾರ್ಮಿಕರು” ಎಂದು ಹತ್ತು ಸಲ ಹೇಳಿದ ಮೇಲೆ ಮುಂದೆ ಕೂತಿದ್ದ ಅಜ್ಜಿ ಪಕ್ಕದವಳನ್ನು ಕೇಳಿದಳು: “ಅವರು ಯಾರ್ಬೇ?” ಪಕ್ಕದವಳು ಹೇಳಿದಳು: “ಬಂಬಯಿಗೆ ಹೋದೋರು. ನಮ್ಮಂಗ.” ಅಂದಿನಿಂದ ನಾನು ‘ಗುತ್ತಿಗೆದಾರ’ ಅನ್ನುವುದನ್ನೂ ಬಿಟ್ಟು, ಪಾಲಮೂರಿನ (ಮಹಬೂಬ್‌ನಗರದ) ಮಂದಿ ಅನ್ನುವ ಹಾಗೆ ‘ಗುಂಪು ಮೇಸ್ತ್ರಿ’ ಅನ್ನುತ್ತೇನೆ.

ಭಾಷೆ ಬಾರದ ಚಿತ್ರ ಹಳ್ಳಿಯವರಿಗೆ ಹಿಡಿಸುವುದೇ ಎಂಬ ಅನುಮಾನವಿದ್ದರೆ ಹೆಗ್ಗೋಡನ್ನು ನೆನೆಯಿರಿ. ಅಲ್ಲಿನ ನೀನಾಸಂ 1973ರಲ್ಲಿ ಚಿತ್ರಸಮಾಜ ಕಟ್ಟಿತು. ಕೆ.ವಿ. ಸುಬ್ಬಣ್ಣ ಅಡಿಕೆ ತೋಟದ ಜನರಿಗೆ ‘ಪಥೇರ್ ಪಾಂಚಾಲಿ’, ‘ರಾಶೊಮನ್’, ‘ಬೈಸಿಕಲ್ ಥೀವ್ಸ್’ ತೋರಿಸಿದರು. ಬಂಗಾಳಿ, ಜಪಾನಿ, ಇಟಾಲಿಯನ್. ಜನ ಎದ್ದುಹೋಗಲಿಲ್ಲ.

ಪ್ರಶ್ನೆ: ನನಗೀಗ ಎಪ್ಪತ್ತರ ಹತ್ತಿರ. ಹುಡುಗನಾಗಿದ್ದಾಗ ನಮ್ಮ ಕಡೆ ಶಾಲೆಗೆ ದೊಡ್ಡ ಟಿ.ವಿ. ಬಂದಿತ್ತು, ಮಾಳಿಗೆ ಮೇಲೆ ಕೋಳಿ ಜಾಲರಿಯ ಛತ್ರಿ. ಸಂಜೆ ಊರೆಲ್ಲ ಕೂತು ನೋಡುತ್ತಿದ್ದೆವು. ವರ್ಷ ತುಂಬುತ್ತಲೇ ಮಾಯವಾಯಿತು. ಮೊಮ್ಮಕ್ಕಳು ನಂಬುವುದಿಲ್ಲ. ನಾನು ಕನಸು ಕಂಡೆನೇ?
— ನಿವೃತ್ತ ನೌಕರ, ಮಕ್ತಲ್

ಉತ್ತರ: ಕನಸಲ್ಲ ಹಿರಿಯರೇ. ಅದರ ಹೆಸರು ‘ಸೈಟ್’. ಅಮೆರಿಕದ ನಾಸಾ ತನ್ನ ಎಟಿಎಸ್-6 ಉಪಗ್ರಹವನ್ನು ನಮ್ಮ ಇಸ್ರೋಗೆ ಒಂದು ವರ್ಷದ ಮಟ್ಟಿಗೆ ಎರವಲು ಕೊಟ್ಟಿತ್ತು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ಹೀಗೆ ಟಿ.ವಿ. ಇಟ್ಟಿದ್ದರು. ಆಂಧ್ರದಿಂದ ಆರಿಸಿದ ಜಿಲ್ಲೆಗಳಲ್ಲಿ ಆಗಿನ ನಿಮ್ಮ ಜಿಲ್ಲೆ ಮಹಬೂಬ್‌ನಗರ, ಕರ್ನಾಟಕದಿಂದ ರಾಯಚೂರು, ಗುಲ್ಬರ್ಗ, ಬಿಜಾಪುರ. ತೆಲುಗು, ಕನ್ನಡ ಎರಡೂ ಕಾರ್ಯಕ್ರಮಗಳು ಹೈದರಾಬಾದಿನ ಕೇಂದ್ರದಲ್ಲೇ ತಯಾರಾಗುತ್ತಿದ್ದವು. ಕೋಳಿ ಜಾಲರಿಯ ಛತ್ರಿಯೂ ನಿಜ, ಹತ್ತಡಿ ಅಗಲದ್ದು. ಉಪಗ್ರಹವನ್ನು ಅವರು ವಾಪಸ್ ಸರಿಸಿಕೊಂಡಾಗ ನಿಮ್ಮ ಶಾಲೆಯ ಟಿ.ವಿ. ಕುರುಡಾಯಿತು, ಅಷ್ಟೇ.

ಆ ಕಾರ್ಯಕ್ರಮಗಳು ಬೇಸಾಯ, ಆರೋಗ್ಯ, ಮಕ್ಕಳ ಪಾಠ. ದೂರದಲ್ಲಿ ಕೂತವರು ಹೇಳುವುದು, ಹಳ್ಳಿಯವರು ಕೇಳುವುದು. ಈ ಏಕಮುಖ ನಡೆಯ ಬಗ್ಗೆ ಒಳಗಿದ್ದವರಿಗೇ ಅಸಮಾಧಾನವಿತ್ತು. ಆ ಪ್ರಯೋಗದಲ್ಲಿ ದೂರದರ್ಶನದ ಪರವಾಗಿ ದುಡಿದವರಲ್ಲಿ ಮೈಸೂರಿನ ಪಿ.ವಿ. ಸತೀಶ್ ಒಬ್ಬರು. ಮುಂದೆ ಅವರು ಕೆಲಸ ಬಿಟ್ಟು, ಬೀದರಿಗೆ ಹೊಂದಿಕೊಂಡ ಜಹೀರಾಬಾದ್ ಸೀಮೆಯಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಕಟ್ಟುವುದರಲ್ಲಿ ಸೇರಿಕೊಂಡರು. ಅಲ್ಲಿ ದಲಿತ ಹೆಂಗಸರ ಕೈಗೇ ಕ್ಯಾಮೆರಾ ಬಂತು. ಶಾಲೆಯ ಮೆಟ್ಟಿಲು ಹತ್ತದವರೂ ಅವರಲ್ಲಿದ್ದರು. ವರಂಗಲ್ಲಿನ ರೈತರು ಬಿಟಿ ಹತ್ತಿಯ ಮೇಲೆ ಏಕೆ ಸಿಟ್ಟಾದರು ಎಂದು ಅವರು ತೆಗೆದ ಚಿತ್ರ 2003ರದು. 2008ರಲ್ಲಿ ಅವರದೇ ಸಂಘಂ ರೇಡಿಯೊ ಶುರುವಾಯಿತು. ಸತೀಶ್ 2023ರ ಮಾರ್ಚಿನಲ್ಲಿ ತೀರಿಕೊಂಡರು. ಮೊಮ್ಮಕ್ಕಳಿಗೆ ಕೋಳಿ ಜಾಲರಿಯ ಕಥೆ ಹೇಳುವಾಗ ಜಹೀರಾಬಾದಿನ ಹೆಂಗಸರ ಕಥೆಯನ್ನೂ ಸೇರಿಸಿ ಹೇಳಿ. ನಂಬದಿದ್ದರೆ ಅವರ ಚಿತ್ರವನ್ನೇ ಹಾಕಿ ತೋರಿಸಿ.

ಪ್ರಶ್ನೆ: ಅಕ್ಕಾ, ನಮ್ದು ಗದ್ವಾಲ ಜಿಲ್ಲೆ, ಗಟ್ಟು ಕಡೆ. ಹತ್ತಿ ಬೀಜದ ಹೊಲದಾಗ ಸಣ್ಣ ಹುಡುಗ್ಯಾರು ಕ್ರಾಸಿಂಗ್ ಮಾಡೋದನ್ನ ಫೋನಿನಾಗ ತೆಗೆದು ಇಪ್ಪತ್ತು ನಿಮಿಷದ ಚಿತ್ರ ಮಾಡೀವಿ. ಅದನ್ನ ನಮ್ಮೂರಾಗ, ಎಲ್ಲಾರೂ ಕೂಡಿದಾಗ ತೋರಿಸಬೇಕಂತ ಆಸೆ. ಕೆಲವರು ಬ್ಯಾಡ ಅಂತಾರ. ನೀವೇನಂತೀರಿ?
— ಮೂವರು ಗೆಳೆಯರು

ಉತ್ತರ: ಬ್ಯಾಡ ಅನ್ನುವವರ ಕಡೆಗೇ ನಾನೂ. ಆದರೆ ಅವರು ಹೇಳುವ ಕಾರಣ ಬೇರೆ ಇರಬಹುದು, ನನ್ನದು ಬೇರೆ.

ಹತ್ತಿ ಬೀಜದ ಕೆಲಸ ಕಾಣದ ಓದುಗರಿಗೆ ಎರಡು ಮಾತು. ಹೈಬ್ರಿಡ್ ಬೀಜ ತಾನಾಗಿ ಆಗುವುದಿಲ್ಲ. ನಾಳೆ ಅರಳಬೇಕಾದ ಮೊಗ್ಗಿನ ಗಂಡು ಭಾಗವನ್ನು ಇವತ್ತು ಸಂಜೆಯೇ ಉಗುರಿನಿಂದ ಬಿಡಿಸಿ ತೆಗೆಯಬೇಕು. ಬೆಳಿಗ್ಗೆ ಇನ್ನೊಂದು ತಳಿಯ ಹೂ ತಂದು ಅದಕ್ಕೆ ಸವರಬೇಕು. ಒಂದೊಂದು ಹೂವಿಗೂ ಹೀಗೆ, ಮಳೆಗಾಲದ ನಡುವೆ ವಾರಗಟ್ಟಲೆ. ನಡಿಗಡ್ಡ ಸೀಮೆ ಈ ಬೀಜಕ್ಕೆ ಹೆಸರಾದದ್ದು. ಕೆಲಸಕ್ಕೆ ಹುಡುಗಿಯರೇ ಏಕೆ ಎಂದರೆ ಅವರ ಬೆರಳು ಸಣ್ಣ, ಗಿಡದ ಎತ್ತರಕ್ಕೆ ಸರಿ ಅನ್ನುತ್ತಾರೆ. ಅದು ಹೇಳುವ ಕಾರಣ. ಕೂಲಿ ಕಡಿಮೆ, ಅಪ್ಪ ಮುಂಗಡ ತಗೊಂಡಾಗಿದೆ ಅನ್ನುವುದು ಇರುವ ಕಾರಣ.

ಈಗ ನಿಮ್ಮ ಬಯಲನ್ನು ಕಣ್ಣಮುಂದೆ ತಂದುಕೊಳ್ಳಿ. ಹುಡುಗಿಯ ಅಪ್ಪ ಕೂತಿದ್ದಾನೆ. ಅವನಿಗೆ ಮುಂಗಡ ಕೊಟ್ಟ ರೈತ ಕೂತಿದ್ದಾನೆ. ಆ ರೈತನಿಗೆ ಮುಂಗಡ ಕೊಟ್ಟ ಆರ್ಗನೈಸರ್, ಅಂದರೆ ಬೀಜ ಕಂಪನಿಯ ಮಧ್ಯವರ್ತಿ, ಬೈಕಿನ ಮೇಲೆ ಒಂದು ಕಾಲು ಊರಿ ಹಿಂದೆ ನಿಂತಿದ್ದಾನೆ. ಪರದೆ ಮೇಲೆ ಹುಡುಗಿಯ ಮುಖ ಬಂದ ಕೂಡಲೇ ಎಲ್ಲರ ಕುತ್ತಿಗೆ ತಿರುಗುವುದು ಅಪ್ಪನ ಕಡೆಗೆ, ಆರ್ಗನೈಸರ್ ಕಡೆಗಲ್ಲ. ಈ ಸರಪಳಿಯಲ್ಲಿ ಎಲ್ಲರಿಗಿಂತ ಬಡವನೇ ಅಂದು ರಾತ್ರಿಯ ಅಪರಾಧಿ. ಅವನು ಎದ್ದುಹೋದರೆ ಪುಣ್ಯ. ಮನೆಗೆ ಹೋಗಿ ಮಗಳಿಗೆ ಹೊಡೆದರೆ?

ಇನ್ನು ಕಾನೂನು. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ, ರಕ್ಷಣೆ ಬೇಕಾದ ಮಗುವಿನ ಗುರುತು ಬಯಲು ಮಾಡುವ ಹಾಗಿಲ್ಲ, ದುಡಿಯುವ ಮಕ್ಕಳು ಅದರಲ್ಲಿ ಬರುತ್ತಾರೆ. ನಿಮ್ಮ ಉದ್ದೇಶ ಎಷ್ಟು ಒಳ್ಳೆಯದಿದ್ದರೂ ಮುಖ, ಹೆಸರು, ಶಾಲೆಯ ಬೋರ್ಡು ತೆಗೆಯಲೇಬೇಕು.

ಹಾಗಾಗಿ ನಿಮ್ಮ ಚಿತ್ರವನ್ನು ಎತ್ತಿಡಿ. ಅಳಿಸಬೇಡಿ. ಅದರ ಬದಲು ದೂರದ ಊರಿನದೊಂದು ತೋರಿಸಿ. ನಮ್ಮವರೇ ಆದ ಚಲಂ ಬೆನ್ನೂರಕರ್ 1990ರಲ್ಲಿ ಶಿವಕಾಶಿಯ ಬೆಂಕಿಕಡ್ಡಿ ಕಾರ್ಖಾನೆಗಳಲ್ಲಿ ದುಡಿಯುವ ಮಕ್ಕಳ ಬಗ್ಗೆ ‘ಕುಟ್ಟಿ ಜಪಾನಿನ್ ಕುಳಂದೈಗಳ್’ ಅನ್ನುವ ತಮಿಳು ಚಿತ್ರ ತೆಗೆದರು. ಬೆಂಕಿಕಡ್ಡಿಯ ಮಕ್ಕಳನ್ನು ನೋಡುವಾಗ ನಿಮ್ಮೂರಲ್ಲಿ ಯಾರ ಕುತ್ತಿಗೆಯೂ ಯಾರ ಕಡೆಗೂ ತಿರುಗುವುದಿಲ್ಲ. ದೀಪ ಹಾಕಿದ ಮೇಲೆ “ಇದು ನಮ್ಮಲ್ಲಿಯೂ ಇದೆಯಲ್ಲವೇ?” ಎಂದು ನೀವು ಕೇಳಬೇಡಿ, ಅದು ಬಲೆ ಬೀಸಿದ ಹಾಗೆ. “ಆ ಊರಾಗ ಮುಂಗಡ ಯಾರು ಯಾರಿಗೆ ಕೊಡ್ತಿರಬೇಕು?” ಎಂದು ಕೇಳಿ. ಒಂದು ಸುಣ್ಣದ ಕಡ್ಡಿ ಕೊಟ್ಟು ಕಟ್ಟೆಯ ಮೇಲೆ ಬರೆಯಲು ಹೇಳಿ. ಶಿವಕಾಶಿಯ ಸರಪಳಿ ಬರೆಯುತ್ತ ಬರೆಯುತ್ತ ಯಾರೋ ಒಬ್ಬರು ಮೆಲ್ಲಗೆ ಬೀಜದ ರೇಟಿನ ಮಾತು ತೆಗೆಯುತ್ತಾರೆ: ಕಂಪನಿ ಕಿಲೋಗೆ ಇಷ್ಟೇ ಕೊಟ್ಟರೆ ದೊಡ್ಡವರ ಕೂಲಿ ಹೊಂದುವುದು ಹೇಗೆ ಎಂದು. ಮಾತು ಅಲ್ಲಿಗೆ ಮುಟ್ಟಿದರೆ ಅಪ್ಪ, ರೈತ ಇಬ್ಬರೂ ಒಂದೇ ಕಡೆ ಕೂತಿರುತ್ತಾರೆ.

ಕಾಯ್ದೆಯ ಮಾತು ಬಂದೇ ಬರುತ್ತದೆ, ತಯಾರಿರಿ. 1986ರ ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿಯಾಗಿ, 14 ತುಂಬದವರನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳುವ ಹಾಗಿಲ್ಲ ಎಂದಾಯಿತು. ಆದರೆ ಶಾಲೆ ಬಿಟ್ಟ ಮೇಲೆ, ರಜೆಯಲ್ಲಿ, ಸ್ವಂತ ಕುಟುಂಬದ ಕೆಲಸಕ್ಕೆ ನೆರವಾಗಬಹುದು ಎಂಬ ಕಿಂಡಿಯೂ ಅದರಲ್ಲೇ ಇದೆ. “ನಮ್ಮ ಹೊಲ, ನಮ್ಮ ಮಗಳು” ಅನ್ನುವವರು ಆ ಕಿಂಡಿಯಲ್ಲಿ ನಿಂತು ಮಾತಾಡುತ್ತಾರೆ. ಅವರನ್ನು ಬಾಯಿ ಮುಚ್ಚಿಸಬೇಡಿ. ಆಗಸ್ಟಿನಲ್ಲಿ ಶಾಲೆಗೆ ಎಷ್ಟು ದಿನ ಹೋದಳು ಎಂದು ಮಾತ್ರ ಕೇಳಿ.

ತಿಂಗಳೂ ಮುಖ್ಯ. ಕ್ರಾಸಿಂಗ್ ನಡೆಯುವಾಗ ತೋರಿಸಿದರೆ ಬರೀ ಜಗಳ. ಏಪ್ರಿಲಿನಲ್ಲಿ, ಮುಂಗಡದ ದುಡ್ಡು ಇನ್ನೂ ಕೈಗೆ ಬಾರದಿದ್ದಾಗ ತೋರಿಸಿ. ನಿಮ್ಮ ಸ್ವಂತ ಚಿತ್ರವನ್ನು ಮೊದಲು ಅದರಲ್ಲಿ ಇರುವ ಮನೆಗಳಲ್ಲಿ, ಒಂದೊಂದೇ ಮನೆಯಲ್ಲಿ, ಫೋನಿನಲ್ಲೇ ತೋರಿಸಿ. ಬೇಡವೆಂದ ಭಾಗ ಅವರೆದುರೇ ಕತ್ತರಿಸಿ. ಏನು ಉಳಿಯಿತೋ ಆಮೇಲೆ ನೋಡೋಣ, ನನಗೂ ಕಳಿಸಿ.

ಪ್ರಶ್ನೆ: ನಾರಾಯಣಪೇಟೆಯ ನೇಕಾರ ಓಣಿಯಲ್ಲಿ ಎರಡು ಸಲ ಚಿತ್ರ ಹಾಕಿದೆವು. ಗಂಡಸರು ಕಿಕ್ಕಿರಿದಿದ್ದರು. ಹೆಂಗಸರು ಬಾಗಿಲಲ್ಲಿ ಐದು ನಿಮಿಷ ನಿಂತು ಒಳಗೆ ಹೋದರು. ಅವರಿಗೆ ಆಸಕ್ತಿ ಇಲ್ಲವೆ?
— ಸಂಘದ ಕಾರ್ಯದರ್ಶಿ

ಉತ್ತರ: ಏಳು ಗಂಟೆಗೆ ಹಾಕಿದ್ದೀರಿ, ಅಲ್ಲವೇ ಅಣ್ಣಾ? ಒಲೆಯ ಮೇಲೆ ಹಂಚು ಇರುವ ಹೊತ್ತು. ನಿಂತ ಐದು ನಿಮಿಷವೂ ರೊಟ್ಟಿ ಸೀಯುತ್ತದೋ ಎಂಬ ಚಿಂತೆಯಲ್ಲೇ ನಿಂತಿರುತ್ತಾರೆ.

ಮಧ್ಯಾಹ್ನ ಎರಡೂವರೆಗೆ ಮಾಡಿ. ಮಗ್ಗದ ಮನೆಯಲ್ಲೇ, ಕಿಟಕಿಗೆ ಕಂಬಳಿ ಹೊದಿಸಿ. ಗಂಡಸರು ಅಂದು ಹೊರಗಿರಲಿ. ಬೆಂಗಳೂರಿನಲ್ಲಿ 1980ರಲ್ಲಿ ಹುಟ್ಟಿದ ಯುಗಾಂತರ್ ಎಂಬ ಹೆಂಗಸರ ತಂಡವಿತ್ತು, ದೀಪಾ ಧನರಾಜ್ ಮತ್ತು ಗೆಳತಿಯರದು. ನಿಪ್ಪಾಣಿಯ ತಂಬಾಕು ಕಾರ್ಖಾನೆಯ ಹೆಂಗಸರು ಸಂಘ ಕಟ್ಟಿದ ಬಗ್ಗೆ 1982ರಲ್ಲಿ ‘ತಂಬಾಕು ಚಾಕಿಲಾ ಊಬ್ ಆಲಿ’ ತೆಗೆದರು. ನಿಪ್ಪಾಣಿಯೂ ನಿಮ್ಮೂರಿನ ಹಾಗೆ ಗಡಿಯ ಮೇಲೆ ಕೂತ ಊರು. ಚಿತ್ರದ ಮರಾಠಿ ನಿಮ್ಮ ಎಷ್ಟೋ ಮನೆಗಳಿಗೆ ಹೊಸದಲ್ಲ. ಮುಂದಿನ ವರ್ಷ ಹೈದರಾಬಾದಿನ ಸ್ತ್ರೀ ಶಕ್ತಿ ಸಂಘಟನೆಯ ಜತೆ ಅವರು ಮನೆಯೊಳಗಿನ ಹಿಂಸೆಯ ಬಗ್ಗೆ ತೆಲುಗಿನಲ್ಲೇ ‘ಇದಿ ಕಥ ಮಾತ್ರಮೇನಾ’ ಮಾಡಿದರು. ಇದು ನಟಿಸಿ ಮಾಡಿದ ಕಿರುಚಿತ್ರ, ಆದರೆ ಹೆಸರೇ “ಇದು ಬರೀ ಕಥೆಯೇ?” ಎಂದು ಕೇಳುತ್ತದೆ. ಮೊದಲು ನಿಪ್ಪಾಣಿಯದು ತೋರಿಸಿ, ಮಾತು ಕೂಲಿಯಿಂದ ಶುರುವಾಗಲಿ. ಕಂಡಿಕೆ ಸುತ್ತುವವಳು ಯಾರು, ಸೀರೆಯ ಕೂಲಿ ಯಾರ ಹೆಸರಿಗೆ ಬರುತ್ತದೆ ಎಂದು. ಎರಡನೆಯದು ಅವರೇ ಇನ್ನೊಂದು ಸಲ ಕೂಡೋಣ ಅಂದ ಮೇಲೆ. ಆಗಲೂ “ನಿಮ್ಮ ಮನೆಯಲ್ಲಿ ಹೇಗೆ?” ಎಂದು ಯಾರನ್ನೂ ಕೇಳಕೂಡದು. “ಆಕಿ ಮುಂದ ಏನು ಮಾಡಬೇಕಿತ್ತು?” ಎಂದರೆ ಸಾಕು. ಪರದೆ ಮೇಲಿನ ಆಕೆಯ ಹೆಸರಿನಲ್ಲಿ ಹೆಂಗಸರು ತಮ್ಮದನ್ನೆಲ್ಲ ಹೇಳಿಕೊಳ್ಳುತ್ತಾರೆ.

ಪ್ರಶ್ನೆ: ಜೋಗಿನಿ ಪದ್ಧತಿ ಬಗ್ಗೆ ಚಿತ್ರ ತೋರಿಸಿ, ನಮ್ಮ ಊರಿನ ಒಬ್ಬ ಜೋಗಿನಿ ಅಜ್ಜಿಯನ್ನು ವೇದಿಕೆಗೆ ಕರೆದು ಅನುಭವ ಹೇಳಿಸಬೇಕೆಂದಿದ್ದೇವೆ. ಶಾಲು ಹೊದಿಸಿ ಸನ್ಮಾನವನ್ನೂ ಮಾಡುತ್ತೇವೆ.
— ಪದವಿ ವಿದ್ಯಾರ್ಥಿನಿ, ನಾರಾಯಣಪೇಟೆ ಜಿಲ್ಲೆ

ಉತ್ತರ: ಶಾಲು ಬೇಡ ತಂಗಿ, ವೇದಿಕೆಯೂ ಬೇಡ.

ನಿಮ್ಮ ಕಡೆ ಜೋಗಿನಿ ಅನ್ನುವುದು ನಮ್ಮ ಕಡೆ ದೇವದಾಸಿ. ಕರ್ನಾಟಕದಲ್ಲಿ ದೇವದಾಸಿ ಬಿಡುವುದನ್ನು ನಿಷೇಧಿಸಿದ ಕಾಯ್ದೆ 1982ರದು, ನಿಮ್ಮ ಕಡೆ ಜಾರಿಯಲ್ಲಿರುವುದು ಆಂಧ್ರದ 1988ರ ಕಾಯ್ದೆ. ಮುತ್ತು ಕಟ್ಟಿದವರ ಮೇಲೆ ಕ್ರಮ ಅನ್ನುತ್ತವೆ ಕಾಯ್ದೆಗಳು. ಊರ ಕಣ್ಣು ಮಾತ್ರ ಕಟ್ಟಿಸಿಕೊಂಡವಳ ಮೇಲೆಯೇ. ಆ ಅಜ್ಜಿಯ ಬದುಕು ಊರಲ್ಲಿ ಯಾರಿಗೆ ತಿಳಿದಿಲ್ಲ? ಮೈಕಿನಲ್ಲಿ ಅವಳು ಹೊಸದಾಗಿ ಹೇಳುವುದೇನಿದೆ? ಅವಳ ಮನೆಗೆ ರಾತ್ರಿ ಹೋಗುತ್ತಿದ್ದವರೇ ಮುಂದಿನ ಸಾಲಿನ ಕುರ್ಚಿಯಲ್ಲಿರುತ್ತಾರೆ. ಅವರನ್ನು ವೇದಿಕೆಗೆ ಕರೆದು ಅನುಭವ ಹೇಳಿಸುವಿರಾ?

2010ರಲ್ಲಿ ‘ಪ್ರಾಸ್ಟಿಟ್ಯೂಟ್ಸ್ ಆಫ್ ಗಾಡ್’ ಎಂಬ ಚಿತ್ರವನ್ನು ದೇವದಾಸಿಯರ ಬಗ್ಗೆ ವಿದೇಶಿಯರು ಮಾಡಿ ಜಗತ್ತಿಗೆಲ್ಲ ತೋರಿಸಿದರು. ಅದರಲ್ಲಿದ್ದ ಸಾಂಗ್ಲಿಯ ಲೈಂಗಿಕ ಕಾರ್ಯಕರ್ತೆಯರ ‘ವ್ಯಾಂಪ್’ ಸಂಘಟನೆಯ ಹೆಂಗಸರು ಚಿತ್ರ ನೋಡಿ ಕೆಂಡವಾದರು. ಅತ್ತು ಕೂರಲಿಲ್ಲ, ತಾವೇ ಕ್ಯಾಮೆರಾ ಮುಂದೆ ನಿಂತು, ನಮ್ಮ ಮಾತು ತಿರುಚಿದ್ದೀರಿ, ನಮ್ಮ ದೇವರನ್ನು ಹಂಗಿಸಿದ್ದೀರಿ ಎಂದು ಉತ್ತರದ ವಿಡಿಯೊ ಹೊರಡಿಸಿದರು. ನಿಮ್ಮ ಕಾಲೇಜಿನಲ್ಲಿ ಈ ಎರಡನ್ನೂ ಬೆನ್ನುಬೆನ್ನಿಗೆ ತೋರಿಸಿ. ಯಾರು ಯಾರ ಕಥೆ ಹೇಳಬಹುದು ಎಂಬುದರ ಮೇಲೆ ಒಂದು ಮಧ್ಯಾಹ್ನ ಪೂರ್ತಿ ಮಾತಾಡಬಹುದು. ಅಜ್ಜಿಗೆ ಏನಾದರೂ ಮಾಡಲೇಬೇಕು ಅನ್ನಿಸಿದರೆ ಪಿಂಚಣಿ ತಿಂಗಳು ತಿಂಗಳು ಬರುತ್ತಿದೆಯೇ ಎಂದು ವಿಚಾರಿಸಿ ಬನ್ನಿ. ಅವಳಾಗಿಯೇ ಮಾತಿಗೆ ಕರೆದರೆ ಹೋಗಿ ಕೂತು ಕೇಳಿ, ಫೋನು ಚೀಲದಲ್ಲಿರಲಿ.

ಪ್ರಶ್ನೆ: ಸೆನ್ಸಾರ್ ಆಗದ ಚಿತ್ರ ತೋರಿಸಿದರೆ ಪೊಲೀಸರು ಬರುತ್ತಾರಂತೆ. ನಿಜವೆ?
— ಗದ್ವಾಲ

ಉತ್ತರ: ಬರಬಹುದು. 1952ರ ಸಿನಿಮಾಟೋಗ್ರಾಫ್ ಕಾಯ್ದೆ ಸಾರ್ವಜನಿಕ ಪ್ರದರ್ಶನಕ್ಕೆ ಪ್ರಮಾಣಪತ್ರ ಕೇಳುತ್ತದೆ, ಸಾಕ್ಷ್ಯಚಿತ್ರವೆಂಬ ವಿನಾಯಿತಿ ಇಲ್ಲ. ಇದನ್ನು ಸುಪ್ರೀಂ ಕೋರ್ಟಿಗೆ ಒಯ್ದದ್ದೇ ಒಂದು ಸಾಕ್ಷ್ಯಚಿತ್ರ: ಕೆ.ಎ. ಅಬ್ಬಾಸರು ನಾಲ್ಕು ಮಹಾನಗರಗಳ ಬಗ್ಗೆ ತೆಗೆದದ್ದು. 1970ರಲ್ಲಿ ಕೋರ್ಟು ಮುಂಚಿತ ಸೆನ್ಸಾರ್ ಸರಿಯೆಂದಿತು. ಆದರೆ ಕೋರ್ಟುಗಳು ಯಾವಾಗಲೂ ಸೆನ್ಸಾರ್ ಮಂಡಳಿಯ ಕಡೆಗೇ ಅಂತಲೂ ಅಲ್ಲ. ಆನಂದ್ ಪಟವರ್ಧನರ ‘ವಾರ್ ಅಂಡ್ ಪೀಸ್’ಗೆ ಮಂಡಳಿ ಹೇಳಿದ ಕತ್ತರಿಯನ್ನು 2003ರಲ್ಲಿ ಬಾಂಬೆ ಹೈಕೋರ್ಟು ತಪ್ಪಿಸಿತು. ನೀವು ಪ್ರಮಾಣಪತ್ರ ಇರುವ ಚಿತ್ರಗಳಿಂದಲೇ ಶುರು ಮಾಡಿ, ಬೇಕಾದಷ್ಟಿವೆ. ನಿರ್ದೇಶಕರಿಗೆ ಬರೆದು ಒಪ್ಪಿಗೆ ಪಡೆಯಿರಿ. ಯೂಟ್ಯೂಬಿನಲ್ಲಿ ಇದೆ ಎಂದರೆ ಊರಿಗೆಲ್ಲ ತೋರಿಸಲು ಅನುಮತಿ ಇದೆ ಎಂದಲ್ಲ. ಹೆಚ್ಚಿನವರು ಸಂತೋಷದಿಂದ ಹೂಂ ಅನ್ನುತ್ತಾರೆ, ಎಷ್ಟು ಜನ ಬಂದರು, ಏನಂದರು ಎಂದು ತಿಳಿಸಿದರೆ ಅವರಿಗೆ ಅದೇ ಸಂಭಾವನೆ. ಬಯಲಲ್ಲಾದರೆ ಠಾಣೆಗೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಇಟ್ಟುಕೊಳ್ಳಿ, ರಾತ್ರಿ ಹತ್ತಕ್ಕೆ ಧ್ವನಿವರ್ಧಕ ನಿಲ್ಲಿಸಿ.

ಪ್ರಶ್ನೆ: ಒಬ್ಬ ನಾಯಕರು ಪ್ರೊಜೆಕ್ಟರ್ ಕೊಡಿಸುತ್ತೇನೆ, ಉದ್ಘಾಟನೆಗೆ ಕರೆಯಿರಿ ಅಂದಿದ್ದಾರೆ.
— ಮಕ್ತಲ್

ಉತ್ತರ: ಡಬ್ಬಿ ಹಿಡಿದು ಹತ್ತಿಪ್ಪತ್ತು ರೂಪಾಯಿ ಎತ್ತಿ. ಗೋರಖ್‌ಪುರದಲ್ಲಿ 2006ರಿಂದ ‘ಪ್ರತಿರೋಧ್ ಕಾ ಸಿನಿಮಾ’ದವರು ಪ್ರಾಯೋಜಕರೇ ಬೇಡ ಎಂದು ಜನರ ದುಡ್ಡಿನಲ್ಲಿ ಉತ್ಸವ ಮಾಡಿಕೊಂಡು ಬಂದಿದ್ದಾರೆ. ಕೇರಳದ ಜಾನ್ ಅಬ್ರಹಾಂ 1986ರಲ್ಲಿ ಊರೂರು ಸುತ್ತಿ ಎತ್ತಿದ ಚಂದಾದಿಂದ ಇಡೀ ‘ಅಮ್ಮ ಅರಿಯಾನ್’ ತೆಗೆದರು. ನಾಯಕರು ಬರಲಿ, ಎಲ್ಲರ ಜತೆ ಜಮಖಾನೆ ಮೇಲೆ ಕೂರಲಿ.

ಪ್ರಶ್ನೆ: ಪರದೆಗೆ ಯಾವ ಬಟ್ಟೆ? ಹುಳುಗಳ ಕಾಟಕ್ಕೆ ಏನು ಮಾಡಬೇಕು?
— ಮಾಗನೂರು

ಉತ್ತರ: ಬಿಳಿ ದಪ್ಪ ಹತ್ತಿ. ಸೀರೆಯ ನಾರಾಯಣಪೇಟೆ ಸೀಮೆಯಲ್ಲಿ ಇದ್ದು ನನ್ನನ್ನು ಕೇಳುತ್ತೀರಲ್ಲ! ಮಗ್ಗದ ಅಗಲ ಪರದೆಗೆ ಸಾಲದು, ಮೂರು ಪಟ್ಟಿ ಅಡ್ಡಕ್ಕೆ ಜೋಡಿಸಿ ಹೊಲಿಸಿ; ಹೊಲಿಗೆ ಮುಖದ ಮೇಲೆ ಬೀಳದ ಹಾಗೆ ಕಟ್ಟಿ. ಅಂಚಿಗೆ ನಾಲ್ಕು ಬೆರಳು ಕರಿ ಬಟ್ಟೆ ಇದ್ದರೆ ಚಿತ್ರ ಎದ್ದು ಕಾಣುತ್ತದೆ. ಹುಳುಗಳಿಗೆ ಇಪ್ಪತ್ತು ಮಾರು ದೂರದಲ್ಲಿ ಒಂದು ಟ್ಯೂಬ್‌ಲೈಟ್ ಹಾಕಿ ಬಿಡಿ, ಅವೂ ಅಲ್ಲಿ ಸಭೆ ಸೇರುತ್ತವೆ. ಮಂಕು ಚಿತ್ರವನ್ನು ಜನ ಸಹಿಸುತ್ತಾರೆ, ಕೇಳಿಸದ ಚಿತ್ರವನ್ನು ಸಹಿಸುವುದಿಲ್ಲ. ಆದ್ದರಿಂದ ಇರುವ ಹಣದಲ್ಲಿ ಹೆಚ್ಚಿನದು ಸ್ಪೀಕರಿಗೆ.

ಪ್ರಶ್ನೆ: ಅಕ್ಕಾ, ನೂರಾ ಐವತ್ತು ಮಂದಿ ಬಂದ್ರು. ಚಿತ್ರ ಮುಗೀತು, ಚಾ ಕುಡಿದ್ರು, ಎದ್ದು ಹೋದ್ರು. ಒಬ್ಬರೂ ಬಾಯಿ ಬಿಡಲಿಲ್ಲ. ಎಲ್ಲಾ ದಂಡ ಆತೇನು?
— ಐಜ ಕಡೆಯಿಂದ

ಉತ್ತರ: ಮರುದಿನ ಬೆಳಿಗ್ಗೆ ಹೋಟೆಲಿನ ಬೆಂಚಿನ ಮೇಲೆ ಕೂತಿದ್ದೆಯಾ ತಮ್ಮಾ? ಕ್ಷೌರದ ಅಂಗಡಿಯಲ್ಲಿ? ನೀರಿನ ಟ್ಯಾಂಕಿನ ಹತ್ತಿರ ನಿಮ್ಮವ್ವ ಏನು ಕೇಳಿಸಿಕೊಂಡು ಬಂದಳು? ಮೊದಲು ಅದನ್ನು ವಿಚಾರಿಸಿ ನನಗೆ ಬರಿ. ನೂರಾ ಐವತ್ತು ಮಂದಿಯ ಮುಂದೆ ಎದ್ದು ನಿಂತು ಮಾತಾಡುವ ರೂಢಿ ಸರಪಂಚರಿಗೆ ಇದೆ, ಕೂಲಿಯವರಿಗೆ ಇಲ್ಲ. ಮುಂದಿನ ಸಲ ಹತ್ತು-ಹತ್ತು ಮಂದಿಯ ಗುಂಪು ಮಾಡಿ, ಕೂತಲ್ಲೇ ಮಾತಾಡಲಿ, ನೀನು ಮೈಕ್ ಆರಿಸಿ ಸುಮ್ಮನೆ ಅಡ್ಡಾಡು. ಮತ್ತೆ, ಚಾ ಚಿತ್ರ ಮುಗಿದ ಕೂಡಲೇ ಕೊಡಬೇಡ. ಒಲೆ ಹೊತ್ತಿಸು, ವಾಸನೆ ಬರಲಿ, ಅರ್ಧ ತಾಸು ಕುದಿಯಲಿ.